ಜಲ್ಲಿ ಹಾಕಿದ ಮೇಲೆ ಸುರಂಗದ ಹತ್ತಿರ ರೈಲು ನಿಲ್ತಿದೆ, ಹಳಿ ಪೂರ್ತಿ ಕೀಳಬೇಕಾ?

ತಾಳಗುಪ್ಪ ಪ್ಯಾಸೆಂಜರ್ (ವಿಜಯನಗರ)
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮಹಡಿ ಮೇಲಿನ ರೂಮಲ್ಲಿ ಎಚ್‌ಓ ಅಳತೆಯ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು) ಮಾಡೆಲ್ ರೈಲಿನ ಲೇಔಟ್ ಕಟ್ತಾ ಇದೀನಿ. 8-4 ಅಡಿಯ ಒಂದು ಪ್ಲೈವುಡ್ ಹಾಳೆ, ಒಂದು ದೊಡ್ಡ ಸುತ್ತು, ಸ್ಟೇಷನ್ನಲ್ಲಿ ಒಂದು ಲೂಪ್ ಲೈನು, ಹಿಂದುಗಡೆ ಬೆಟ್ಟ, ಬೆಟ್ಟದೊಳಗೆ ಸುರಂಗ. ಡಿಸಿಸಿ (ಹಳಿಯಲ್ಲೇ ಇಂಜಿನ್ನಿಗೆ ಡಿಜಿಟಲ್ ಸಂದೇಶ ಕಳಿಸೋ ವ್ಯವಸ್ಥೆ) ಅಲ್ಲ, ಸಾದಾ 12 ವೋಲ್ಟ್ ಡಿಸಿ ಕಂಟ್ರೋಲರ್.

ನಮ್ಮಪ್ಪ ಮೀಟರ್‌ಗೇಜ್ ಕಾಲದಲ್ಲಿ ಸಕಲೇಶಪುರ ಘಾಟಿಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಈಗ ಮಂಡಿ ನೋವು, ಅಷ್ಟು ದೂರ ಕರ್ಕೊಂಡು ಹೋಗೋಕಾಗಲ್ಲ. ಮುಂದಿನ ತಿಂಗಳು ಅವರಿಗೆ 75 ತುಂಬತ್ತೆ. ಅವತ್ತು ಅವರ ಕೈಗೆ ಕಂಟ್ರೋಲರ್ ಕೊಡಬೇಕು ಅನ್ನೋದೇ ನನ್ನ ಆಸೆ.

ತೊಂದರೆ ಏನಪ್ಪಾ ಅಂದ್ರೆ, ಬರೀ ಹಳಿ ಇದ್ದಾಗ ರೈಲು ಚೆನ್ನಾಗೇ ಓಡ್ತಿತ್ತು. ಹೋದ ತಿಂಗಳು ಜಲ್ಲಿ ಹಾಕಿ, ಫೆವಿಕಾಲ್ ನೀರು ಬಿಟ್ಟು, ಕಂಬಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿದೆ. ಅವತ್ತಿಂದ ಸ್ಟೇಷನ್ ಬಿಟ್ಟು ಹೋಗ್ತಾ ಹೋಗ್ತಾ ಇಂಜಿನ್ ನಿಧಾನ ಆಗುತ್ತೆ, ಸುರಂಗದ ಬಾಯಲ್ಲಿ ನಿಂತೇ ಬಿಡುತ್ತೆ. ಬೆರಳಲ್ಲಿ ಸ್ವಲ್ಪ ತಳ್ಳಿದ್ರೆ ಮುಂದೆ ಹೋಗುತ್ತೆ. ಹಳಿಯ ತಲೆಯನ್ನ ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾಯ್ತು. ಎಲ್ಲಾ ಕಿತ್ತು ಮತ್ತೆ ಹಾಕಬೇಕಾ? ದಯವಿಟ್ಟು ಬೇಡ ಅಂತ ಹೇಳಿ.

ಗಾರ್ಡ್ ಡಬ್ಬಿ (ಮಲ್ಲೇಶ್ವರಂ)
ಬೇಡ. ಏನೂ ಕೀಳಬೇಡಿ. ಒಂದು ಪ್ರಶ್ನೆ: ಕಂಟ್ರೋಲರ್‌ನಿಂದ ಹಳಿಗೆ ಎಷ್ಟು ಕಡೆ ವೈರ್ ಕೊಟ್ಟಿದ್ದೀರಿ?

ತಾಳಗುಪ್ಪ ಪ್ಯಾಸೆಂಜರ್
ಒಂದೇ ಕಡೆ ಸರ್. ಸೆಟ್ ಜೊತೆ ಬಂದಿದ್ದ ಕ್ಲಿಪ್ಪು, ಸ್ಟೇಷನ್ ಹತ್ತಿರ.

ಗಾರ್ಡ್ ಡಬ್ಬಿ
ಅಲ್ಲೇ ಇದೆ ರೋಗ. ನಿಮ್ಮ ಕರೆಂಟು ಸ್ಟೇಷನ್ನಿಂದ ಸುರಂಗದವರೆಗೆ ಏಳೆಂಟು ಜಾಯಿನರ್ ದಾಟಿ ಹೋಗಬೇಕು. ಜಾಯಿನರ್ ಅಂದ್ರೆ ಏನು? ಎರಡು ಕಂಬಿಯ ತುದಿಗೆ ತೊಡಿಸಿದ ಒಂದು ತಗಡಿನ ತುಂಡು. ಅದರ ಕೆಲಸ ಕಂಬಿಗಳನ್ನ ಒಂದೇ ಸಾಲಲ್ಲಿ ಹಿಡಿದುಕೊಳ್ಳೋದು. ಕರೆಂಟ್ ಸಾಗಿಸೋದನ್ನ ಅದಕ್ಕೆ ವಹಿಸಬಾರದು. ಹೊಸದಾಗಿ ಬಿಗಿಯಾಗಿದ್ದಾಗ ಸಾಗಿಸುತ್ತೆ, ನಾವೂ ನಂಬಿಬಿಡ್ತೀವಿ. ಆಮೇಲೆ ಫೆವಿಕಾಲ್ ನೀರು ಬಿಟ್ಟಾಗ ಅದು ಜಾಯಿನರ್ ಒಳಗೂ ಇಳಿಯುತ್ತೆ, ಒಣಗಿ ಸಣ್ಣ ಪೊರೆ ಕಟ್ಟುತ್ತೆ. ಬಣ್ಣ ಬಳಿದಾಗ ಅದೂ ಸಂದಿಗೆ ಹೋಗುತ್ತೆ. ನೀವು ಹಳಿಯ ತಲೆ ಒರೆಸ್ತಾ ಇದ್ದೀರಿ, ಕೊಳೆ ಕೂತಿರೋದು ಕೀಲಿನಲ್ಲಿ.

ಡಿಜಿಟಲ್ ಡ್ರೈವರ್ (ವೈಟ್‌ಫೀಲ್ಡ್)
ಇದೆಲ್ಲಾ ಡಿಸಿ ಕಾಲದ ಗೋಳು ಗುರು. ಡಿಸಿಸಿಗೆ ಬಂದ್ಬಿಡಿ. ಎರಡೇ ವೈರು, ಎಷ್ಟು ಇಂಜಿನ್ ಬೇಕಾದ್ರೂ ಓಡ್ಸಿ. ಒಂದು ಆರ್ಡುಯಿನೋ ಮೆಗಾ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡು, ಮೇಲೊಂದು ಮೋಟಾರ್ ಶೀಲ್ಡ್, ಅದರೊಳಗೆ ಡಿಸಿಸಿ-ಇಎಕ್ಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್. ಫೋನಿಂದಲೇ ಓಡಿಸ್ಬಹುದು.

ಗಾರ್ಡ್ ಡಬ್ಬಿ
"ಎರಡೇ ವೈರು" ಅಂತ ಹೊಸಬರಿಗೆ ಹೇಳಬೇಡಿ ಸ್ವಾಮಿ, ಎಷ್ಟೋ ಜನರ ಲೇಔಟ್ ಅದರಿಂದಲೇ ಕೆಟ್ಟಿದೆ. ಡಿಸಿಯಲ್ಲಿ ಕೀಲು ಕೆಟ್ಟರೆ ಇಂಜಿನ್ ನಿಧಾನ ಆಗುತ್ತೆ, ಅಷ್ಟೇ. ಡಿಸಿಸಿಯಲ್ಲಿ ಅದೇ ಹಳಿಯಲ್ಲಿ ಕರೆಂಟಿನ ಜೊತೆ ಇಂಜಿನ್ನಿಗೆ ಹೋಗೋ ಸಂದೇಶವೂ ಹರಿಯುತ್ತೆ. ಕೀಲು ಕೆಟ್ಟರೆ ಇಂಜಿನ್ ಮಾತೇ ಕೇಳಲ್ಲ.

ಅದಕ್ಕಿಂತ ದೊಡ್ಡ ಅಪಾಯ ಶಾರ್ಟ್ ಆದಾಗ. ಕೀಲಿನ ಪ್ರತಿರೋಧ ಜಾಸ್ತಿ ಇದ್ರೆ ಬೂಸ್ಟರ್‌ಗೆ (ಹಳಿಗೆ ಕರೆಂಟ್ ಕೊಡೋ ಪೆಟ್ಟಿಗೆ) ಶಾರ್ಟ್ ಆಗಿದ್ದೇ ಗೊತ್ತಾಗದೆ ಕರೆಂಟ್ ಹರಿಸ್ತಾನೇ ಇರುತ್ತೆ, ಬೋಗಿಯ ಗಾಲಿ ಹತ್ತಿರದ ಪ್ಲಾಸ್ಟಿಕ್ ಕರಗುತ್ತೆ. ಅದಕ್ಕೇ ಡಿಸಿಸಿ ಇಟ್ಟವರು ಹಳಿಯ ಉದ್ದಕ್ಕೂ ಒಂದೊಂದು ಅಡಿಗೆ ಎರಡು ಕಂಬಿ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು ನೋಡ್ತಾರೆ. ಎಲ್ಲಿ ಇಟ್ಟರೂ ಬೂಸ್ಟರ್ ಟಕ್ ಅಂತ ಕಟ್ ಆಗಬೇಕು.

ಡಿಜಿಟಲ್ ಡ್ರೈವರ್
ಒಪ್ಪಿದೆ ಸರ್. ನಂದೂ ಅಲ್ಲಲ್ಲಿ ಹಳಿಗೆ ಫೀಡರ್ (ಕರೆಂಟ್ ಕೊಡೋ ವೈರ್) ಹಾಕಿರೋ ಲೇಔಟೇ. ಆದ್ರೆ ಎರಡು ಇಂಜಿನ್ ಒಂದೇ ಹಳಿ ಮೇಲೆ ಬೇರೆ ಬೇರೆ ಓಡ್ಸೋ ಸುಖ ಡಿಸಿಯಲ್ಲಿ ಇಲ್ಲ, ಅದಂತೂ ನಿಜ. ಘಾಟಿ ಅಂತೀರಿ, ಹಿಂದಿಂದ ತಳ್ಳೋ ಬ್ಯಾಂಕರ್ ಇಂಜಿನ್ ಬೇಡ್ವಾ?

ಬೆಸುಗೆ (ಪೀಣ್ಯ)
ವಾದ ಆಮೇಲೆ ಮಾಡೋಣ, ಮೊದಲು ಅಳೀರಿ. ಮಲ್ಟಿಮೀಟರ್ ಇದ್ಯಾ?

ತಾಳಗುಪ್ಪ ಪ್ಯಾಸೆಂಜರ್
ಇದೆ. ಇವತ್ತು ಬೆಳಿಗ್ಗೆ ನೋಡಿದೆ. ಇಂಜಿನ್ ತೆಗೆದಿಟ್ಟು, ನಾಬ್ ಪೂರ್ತಿ ತಿರುಗಿಸಿ, ಸ್ಟೇಷನ್ ಹತ್ತಿರ 12.1 ವೋಲ್ಟ್. ಸುರಂಗದ ಹತ್ತಿರ ಕೂಡ 12.1. ಅಂದ್ರೆ ವೈರಿಂಗ್ ಸರಿ ಇದೆ ಅಂತಲ್ವಾ? ಇಂಜಿನ್ನೇ ಹೋಗಿದ್ಯಾ ಅಂತ ಭಯ ಆಗ್ತಿದೆ.

ಬೆಸುಗೆ
ಹೆದರಬೇಡಿ, ಇಂಜಿನ್ ಹೋಗಿಲ್ಲ. ಇದು ಎಲ್ಲರೂ ಬೀಳೋ ಗುಂಡಿ.

ಇಂಜಿನ್ ಇಲ್ಲದೆ ಅಳೆದರೆ ಹಳಿಯಲ್ಲಿ ಕರೆಂಟ್ ಹರೀತಾನೇ ಇಲ್ಲ. ಹರಿಯದಿದ್ದರೆ ಕೆಟ್ಟ ಕೀಲಿನಲ್ಲಿ ವೋಲ್ಟೇಜ್ ಬೀಳೋದೂ ಇಲ್ಲ. ಮೀಟರ್ ಎಳೆಯೋ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಮ್ಮಿ, ಅದಕ್ಕೆ ಎಲ್ಲಾ ಕಡೆ 12 ತೋರಿಸುತ್ತೆ. ಮನೆ ನಲ್ಲಿ ಥರಾನೇ. ಮುಚ್ಚಿದ್ದಾಗ ಪೈಪಲ್ಲಿ ಒತ್ತಡ ಚೆನ್ನಾಗೇ ಇರುತ್ತೆ, ತಿರುಗಿಸಿದಾಗಲೇ ಒಳಗೆ ಕಟ್ಟಿಕೊಂಡಿರೋದು ಗೊತ್ತಾಗೋದು.

ಜೆಸಿ ರೋಡಲ್ಲಿ ಯಾವುದಾದ್ರೂ ಆಟೋ ಸ್ಪೇರ್ಸ್ ಅಂಗಡಿಗೆ ಹೋಗಿ 12 ವೋಲ್ಟಿನ 10 ವ್ಯಾಟ್ ಬಲ್ಬ್ ತಗೊಳ್ಳಿ. ಅದು ಸುಮಾರು 0.8 ಆಂಪಿಯರ್ ಎಳೆಯುತ್ತೆ, ನಿಮ್ಮ ಇಂಜಿನ್ನಿಗಿಂತ ಜಾಸ್ತಿನೇ. ಎರಡು ವೈರ್ ಬೆಸೆದು ಬಲ್ಬನ್ನ ಸುರಂಗದ ಹತ್ತಿರದ ಹಳಿಗೆ ಕೊಡಿ. ಬಲ್ಬ್ ಉರೀತಿರುವಾಗಲೇ ಮೀಟರ್ ಇಡಿ. ಬಲ್ಬ್ ಬಿಸಿ ಆಗುತ್ತೆ, ಹಳಿ ಕೆಳಗಿನ ಪ್ಲಾಸ್ಟಿಕ್ ಅಡ್ಡಪಟ್ಟಿಗೆ (ಸ್ಲೀಪರ್) ತಾಗಿಸಬೇಡಿ. ಕಂಟ್ರೋಲರ್ ಎಷ್ಟು ಆಂಪಿಯರ್‌ದು ಅಂತಾನೂ ಅದರ ಬೆನ್ನಿಗೆ ಬರೆದಿರೋದನ್ನ ನೋಡಿ. ಒಂದಕ್ಕಿಂತ ಕಮ್ಮಿ ಇದ್ರೆ 5 ವ್ಯಾಟ್ ಬಲ್ಬ್ ಸಾಕು.

ಹುಬ್ಬಳ್ಳಿ ಹುಡುಗ (ಈಗ ರಾಜಾಜಿನಗರ)
ಬಲ್ಬಿನ ಉಪಾಯ ಛಲೋ ಐತ್ರಿ. ನಮ್ಮ ಕಾಕಾ ವರ್ಕ್‌ಶಾಪಿನ್ಯಾಗ ಇದ್ದಾಗ ಬೋಗಿ ವೈರಿಂಗ್ ನೋಡಾಕ ಇಂಥಾದ ಒಂದ್ ಬಲ್ಬ್ ಕಿಸೆದಾಗ ಇಟ್ಕೊಂಡು ತಿರಗತಿದ್ದ. ಮೀಟರ್ ಸುಳ್ಳ ಹೇಳತೈತಿ, ಬಲ್ಬ್ ಹೇಳಂಗಿಲ್ಲ ಅಂತಿದ್ದ.

ತಾಳಗುಪ್ಪ ಪ್ಯಾಸೆಂಜರ್
ಬೆಸುಗೆ ಸರ್, ನೀವು ಹೇಳಿದಂಗೇ ಆಯ್ತು! ಬಲ್ಬ್ ಸ್ಟೇಷನ್ನಲ್ಲಿ ಬೆಳ್ಳಗೆ ಉರಿಯುತ್ತೆ, 11.8. ಸುರಂಗದ ಬಾಯಲ್ಲಿ ಹಳದಿಗೆ ತಿರುಗಿ ಮಂಕಾಗುತ್ತೆ, 7.9. ನನ್ನ ಕಣ್ಣಾರೆ ನೋಡಿದೆ.

ಬೆಸುಗೆ
ಹಿಡಿದ್ರಿ. ಈಗ ಬಲ್ಬನ್ನ ಅಲ್ಲೇ ಉರಿಸಿಟ್ಟು ಮೀಟರಿನ ಎರಡು ಮೊನೆಯನ್ನೂ ಒಂದೇ ಕಂಬಿ ಮೇಲೆ ಇಡಿ, ಜಾಯಿನರ್ ಈಚೆಗೊಂದು ಆಚೆಗೊಂದು. ಒಳ್ಳೇ ಕೀಲಾದ್ರೆ ಸೊನ್ನೆಯ ಹತ್ತಿರ ಇರುತ್ತೆ. ಕೆಟ್ಟದಾದ್ರೆ ಅಲ್ಲಿ ಎಷ್ಟು ವೋಲ್ಟ್ ನುಂಗ್ತಿದೆಯೋ ಅಷ್ಟನ್ನೂ ಮೀಟರ್ ಹೇಳುತ್ತೆ. ಒಳಗಿನ ಕಂಬಿ, ಹೊರಗಿನ ಕಂಬಿ, ಎರಡನ್ನೂ ನೋಡಿ.

ತಾಳಗುಪ್ಪ ಪ್ಯಾಸೆಂಜರ್
ಮೂರು ಕಳ್ಳರು ಸಿಕ್ಕಿಬಿದ್ರು. ಹೊರ ಕಂಬಿಯ ನಾಲ್ಕನೇ ಕೀಲಲ್ಲಿ 1.6, ಅದೇ ಕಂಬಿಯ ಏಳನೇದರಲ್ಲಿ 1.1, ಒಳ ಕಂಬಿಯ ಒಂದರಲ್ಲಿ 0.7. ಮಿಕ್ಕಿದ್ದು ಚೂರು ಚೂರು. ಈ ಮೂರನ್ನೇ ಬೆಸೆದುಬಿಟ್ರೆ ಸಾಕಾ?

ಹಳಿ ಬೆಸೆಯುವವ (ಬನಶಂಕರಿ)
ಮೂರೇ ಯಾಕೆ, ಎಲ್ಲಾ ಜಾಯಿನರ್‌ಗೂ ಸೋಲ್ಡರ್ ಹಾಕಿ ಮುಗಿಸಿ. ನಾನು ಹಾಗೇ ಮಾಡಿದ್ದು, ಆರು ವರ್ಷದಿಂದ ಒಂದು ದಿನ ನಿಂತಿಲ್ಲ.

ಗಾರ್ಡ್ ಡಬ್ಬಿ
ನಿಮ್ಮದು ಮನೆಯೊಳಗಿನ ರೂಮು. ಅವರದು ಮಹಡಿ ಮೇಲಿನ ರೂಮು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಕಾಯುತ್ತೆ, ಜುಲೈನಲ್ಲಿ ಗೋಡೆಯೇ ಬೆವರುತ್ತೆ. ಹಳಿಯನ್ನ ಉದ್ದಕ್ಕೂ ಒಂದೇ ಸರಳು ಮಾಡಿಬಿಟ್ರೆ ಹಿಗ್ಗೋಕೆ ಜಾಗ ಎಲ್ಲಿ? ಬಾಗಿ ಹೊಟ್ಟೆ ಬಿಡುತ್ತೆ.

ಹಳಿ ಬೆಸೆಯುವವ
ಲೆಕ್ಕ ಹಾಕಿ ನೋಡಿ ಸಾರ್. ನಿಕಲ್ ಸಿಲ್ವರ್ ಕಂಬಿ ಒಂದು ಮೀಟರ್ ಉದ್ದದ್ದು, ಬಿಸಿ 15 ಡಿಗ್ರಿ ಏರಿದ್ರೂ ಕಾಲು ಮಿಲಿಮೀಟರ್ ಹಿಗ್ಗುತ್ತೆ, ಅಷ್ಟೇ. ಅದಕ್ಕೆ ಹೊಟ್ಟೆ ಬಿಡುತ್ತಾ?

ಬೆಸುಗೆ
ಇಬ್ಬರದ್ದೂ ಅರ್ಧ ಸರಿ. ಲೋಹ ಹಿಗ್ಗೋದು ಕಮ್ಮಿನೇ. ಆದ್ರೆ ಕೆಳಗಿನ ಮರ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಮರ ಕುಗ್ಗಿದಾಗ ಹಳಿ ಕುಗ್ಗಲ್ಲ, ಆಗಲೇ ಒದ್ದಾಟ ಶುರು. ಇಲ್ಲಿ ಲೇಔಟ್ ಕಟ್ಟೋರು ಪ್ಲೈ ತಗೊಳ್ಳುವಾಗ ಐಎಸ್ 710 ಮುದ್ರೆ ಇರೋ ನೀರು ತಡೆಯೋ ಪ್ಲೈ ತಗೊಂಡು, ಕೆಳಗೆ ಚೌಕಟ್ಟು ಹೊಡೆದು, ಅಡಿಭಾಗಕ್ಕೂ ಅಂಚಿಗೂ ಬಣ್ಣ ಬಳಿದರೆ ಅರ್ಧ ತಲೆನೋವು ಹೋಗುತ್ತೆ.

ತಿರುವಿನಲ್ಲಿರೋ ಕೀಲು ಬೆಸೀರಿ, ಇಲ್ಲದಿದ್ರೆ ಅಲ್ಲಿ ಮೂಲೆ ಬೀಳುತ್ತೆ. ನೇರ ಹಳಿಯ ಕೀಲುಗಳನ್ನ ಒಂದು ಹಾಳೆ ಕಾಗದ ತೂರೋಷ್ಟು ಸಂದಿ ಬಿಟ್ಟು ಹಾಗೇ ಬಿಡಿ. ಮುಖ್ಯವಾದದ್ದು ಇನ್ನೊಂದು: ಪ್ರತಿಯೊಂದು ಹಳಿ ತುಂಡಿಗೂ ಅದರದೇ ಎರಡು ವೈರ್. ಆಗ ಯಾವ ಜಾಯಿನರ್ ಕೆಟ್ಟರೂ ನಿಮಗೆ ಚಿಂತೆ ಇಲ್ಲ. ಇವತ್ತು ಮೂರು ಕೀಲು ಬೆಸೆದ್ರೆ ಮುಂದಿನ ಮಳೆಗಾಲಕ್ಕೆ ಇನ್ನು ಮೂರು ಬಾಯಿ ಬಿಡುತ್ತವೆ.

ತಾಳಗುಪ್ಪ ಪ್ಯಾಸೆಂಜರ್
ಪ್ರತಿ ತುಂಡಿಗೂ ಅಂದ್ರೆ 22 ತುಂಡು, 44 ವೈರು. ಜಲ್ಲಿ ಆಗಲೇ ಕಲ್ಲಾಗಿ ಕೂತಿದೆ ಸರ್. ಹೇಗೆ?

ಗಾರ್ಡ್ ಡಬ್ಬಿ
ಸಂಜೆಗೆ ನಾಲ್ಕು ತುಂಡು ಅಂತ ಇಟ್ಕೊಂಡ್ರೆ ಒಂದು ವಾರದೊಳಗೆ ಮುಗಿಯುತ್ತೆ. ನಾನು ನನ್ನ ಹಳೇ ಲೇಔಟ್‌ಗೆ ಮಾಡಿದ್ದನ್ನ ಹಾಗೇ ಹೇಳ್ತೀನಿ.

ಮೊದಲು ಮೇಜಿನ ಅಡಿಯಲ್ಲಿ ಸುತ್ತಲೂ ಎರಡು ದಪ್ಪ ವೈರ್ ಎಳೆದುಬಿಡಿ, ಕೆಂಪೊಂದು ಕಪ್ಪೊಂದು. ಇದಕ್ಕೆ ಬಸ್ ಅಂತಾರೆ. ಹೊರ ಕಂಬಿ ಕೆಂಪು, ಒಳ ಕಂಬಿ ಕಪ್ಪು ಅಂತ ಗೋಡೆ ಮೇಲೆ ಬರೆದು ಅಂಟಿಸಿ. ರಾತ್ರಿ ಹನ್ನೊಂದಕ್ಕೆ ಮೇಜಿನ ಕೆಳಗೆ ಅಂಗಾತ ಮಲಗಿದಾಗ ಎಡ ಬಲ ಎಲ್ಲಾ ಉಲ್ಟಾ ಕಾಣುತ್ತೆ, ಒಂದೇ ಒಂದು ವೈರ್ ಅದಲು ಬದಲಾದ್ರೂ ಪೂರ್ತಿ ಲೇಔಟ್ ಶಾರ್ಟ್.

ಆಮೇಲೆ ಮೇಲೆ ಬನ್ನಿ. ಒಂದು ತುಂಡಿನ ಮಧ್ಯದಲ್ಲಿ ಎರಡು ಸ್ಲೀಪರ್ ಅಗಲದಷ್ಟು ಜಾಗಕ್ಕೆ ಇಂಕ್ ಫಿಲ್ಲರಲ್ಲಿ ಬಿಸಿನೀರು ಹನಿಸಿ. ಬಿಳಿ ಫೆವಿಕಾಲ್ ತಾನೇ? ಹತ್ತು ನಿಮಿಷಕ್ಕೆ ಮೆತ್ತಗಾಗುತ್ತೆ. ಹಲ್ಲುಕಡ್ಡಿಯಲ್ಲಿ ಕೆದಕಿ ಜಲ್ಲಿ ತೆಗೆದು, ಪೂರ್ತಿ ಒಣಗೋಕೆ ಬಿಡಿ. ಕಂಬಿಯ ಹೊರಮಗ್ಗುಲಿಗೆ ಒತ್ತಿಕೊಂಡು 2 ಎಂಎಂ ತೂತು ಕೊರೀರಿ. ಆ ಜಾಗದಲ್ಲಿ ಕಂಬಿಯ ಪಕ್ಕದ ಬಣ್ಣವನ್ನ ಬ್ಲೇಡಿಂದ ಹೆರೆದು ಹೊಳೆಯೋ ಹಾಗೆ ಮಾಡಿ. ಅಡಿಯಿಂದ ವೈರ್ ತೂರಿಸಿ, ತುದಿಯನ್ನ ಎಲ್ ಆಕಾರಕ್ಕೆ ಬಗ್ಗಿಸಿ, ಮೊದಲೇ ತವರ ಹಿಡಿಸಿಟ್ಟುಕೊಳ್ಳಿ. ಕಂಬಿಗೂ ಒಂದು ಹನಿ ತವರ. ಎರಡೂ ಸೇರಿಸಿ ಬಿಸಿ ಸೋಲ್ಡರಿಂಗ್ ಕಬ್ಬಿಣ ಇಟ್ಟು ಎರಡು ಸೆಕೆಂಡ್, ಮೂರು ಸೆಕೆಂಡ್, ತೆಗೆದುಬಿಡಿ. ಎರಡೂ ಪಕ್ಕದ ಸ್ಲೀಪರ್ ಮೇಲೆ ಒದ್ದೆ ಹತ್ತಿ ಇಟ್ಟಿರಿ, ಇಲ್ಲದಿದ್ರೆ ಪ್ಲಾಸ್ಟಿಕ್ ಕರಗಿ ಗೇಜ್ (ಎರಡು ಕಂಬಿ ನಡುವಿನ ಅಂತರ) ಅಗಲ ಆಗುತ್ತೆ. ಮತ್ತೆ ಜಲ್ಲಿ ಉದುರಿಸಿದ್ರೆ ವೈರ್ ಎಲ್ಲಿದೆ ಅಂತ ನಿಮಗೇ ಗೊತ್ತಾಗಲ್ಲ.

ಬೆಸುಗೆ
ಸೇರಿಸ್ತೀನಿ. ಒಳಗೆ ರಾಳ ಇರೋ 60-40 ಸೋಲ್ಡರ್ ತಗೊಳ್ಳಿ, ಎಸ್‌ಪಿ ರೋಡಲ್ಲಿ ಎಲ್ಲಿ ಬೇಕಾದ್ರೂ ಸಿಗುತ್ತೆ. ಆಸಿಡ್ ಫ್ಲಕ್ಸ್ ಮಾತ್ರ ಬೇಡವೇ ಬೇಡ, ಬೆಸುಗೆ ಮುಗಿದ ಮೇಲೂ ಒಳಗೊಳಗೆ ತಿನ್ನುತ್ತೆ. ಕಡಿಮೆ ಬಿಸಿಯ ಕಬ್ಬಿಣವನ್ನ ತುಂಬಾ ಹೊತ್ತು ಇಡೋದಕ್ಕಿಂತ ಚೆನ್ನಾಗಿ ಕಾದ ಕಬ್ಬಿಣ ಒಂದೆರಡು ಸೆಕೆಂಡ್ ಇಡೋದು ವಾಸಿ. ಕಿಟಕಿ ತೆಗೆದಿಡಿ, ಸೀಸ ಮುಟ್ಟಿದ ಕೈ ತೊಳೀದೆ ಊಟಕ್ಕೆ ಕೂರಬೇಡಿ.

ವೈರಿನ ದಪ್ಪದ ಬಗ್ಗೆ ಜನ ಸುಮ್ಮನೆ ಹೆದರಿಸ್ತಾರೆ. ಮನೆ ವೈರಿಂಗಲ್ಲಿ ಉಳಿದ 1.5 ಚದರ ಎಂಎಂ ತಾಮ್ರ ಇದ್ರೆ ಅದೇ ಬಸ್ಸಿಗೆ ಧಾರಾಳ. ಅದರ ಪ್ರತಿರೋಧ ಮೀಟರಿಗೆ 0.012 ಓಮ್. ಹೋಗಿ ಬರೋಕೆ ಆರು ಮೀಟರ್ ಅಂದ್ರೂ 0.07 ಓಮ್, ಒಂದು ಆಂಪಿಯರಿಗೆ 0.07 ವೋಲ್ಟ್ ಬೀಳುತ್ತೆ. ನಿಮ್ಮ ಒಂದೇ ಒಂದು ಕೆಟ್ಟ ಕೀಲು 1.6 ನುಂಗ್ತಿದೆ! ಹಳಿಗೆ ಹತ್ತೋ ಫೀಡರ್ ವೈರ್ 0.5 ಇದ್ರೆ ಸಾಕು, ಒಂದು ಗೇಣು ಉದ್ದ. ಇನ್ನೊಂದು ಮಾತು, ನಿಕಲ್ ಸಿಲ್ವರ್ ಅಂದ್ರೂ ಅದರಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ. ತಾಮ್ರಕ್ಕಿಂತ ಹತ್ತು ಪಟ್ಟಿಗೂ ಮೀರಿ ಪ್ರತಿರೋಧ. ಅದಕ್ಕೇ ಕರೆಂಟನ್ನ ಹಳಿಯಲ್ಲಿ ದೂರ ಓಡಿಸಬಾರದು, ತಾಮ್ರದಲ್ಲಿ ಓಡಿಸಬೇಕು.

ಕಡ್ಲೆಕಾಯಿ ಪರಿಷೆ (ಬಸವನಗುಡಿ)
ಪ್ಯಾಸೆಂಜರ್ ಅವರೇ, ಜಲ್ಲಿ ಯಾವುದರದ್ದು ಹಾಕಿದ್ರಿ? ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣ್ತಿದೆ.

ತಾಳಗುಪ್ಪ ಪ್ಯಾಸೆಂಜರ್
ಪಕ್ಕದಲ್ಲಿ ಮನೆ ಕಟ್ತಿದ್ರು ಮೇಡಂ, ಅಲ್ಲಿಂದ ಒಂದು ಬಕೆಟ್ ಎಂ-ಸ್ಯಾಂಡ್ ಕೇಳಿ ತಂದೆ. ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದಿದ್ದನ್ನ ಟೀ ಸೋಸೋ ಜಾಲರಿಯಲ್ಲಿ ಮತ್ತೆ ಹಿಡಿದೆ. ಜಾಲರಿ ಮೇಲೆ ಉಳಿದದ್ದೇ ಜಲ್ಲಿ. ನಿಜವಾದ ರೈಲ್ವೆ ಜಲ್ಲಿ 20ರಿಂದ 65 ಎಂಎಂ ಅಂತೆ, 87ರಿಂದ ಭಾಗಿಸಿದ್ರೆ ಮುಕ್ಕಾಲು ಎಂಎಂ ಒಳಗೇ ಬರುತ್ತೆ.

ಹೊಸ ಹಳಿ (ಕೆಂಗೇರಿ)
ನಾನು ರವೆ ಹಾಕಿದೀನಿ. ಬಣ್ಣ ಕಲಸಿ ಹಾಕಿದ್ರೆ ಥೇಟ್ ಜಲ್ಲಿನೇ. ಸುಮ್ನೆ ಮರಳು ಜರಡಿ ಹಿಡಿಯೋ ಕಷ್ಟ ಯಾಕೆ?

ಯಲಹಂಕ ನ್ಯಾರೋಗೇಜ್
ಅಯ್ಯೋ, ರವೆ ಬೇಡ! ನನ್ನ ಮೊದಲ ಲೇಔಟ್‌ಗೆ ಚಿರೋಟಿ ರವೆ ಹಾಕಿದ್ದೆ. ಅಂಟಿನ ನೀರು ಕುಡಿದು ಉಬ್ಬಿ ಸ್ಲೀಪರ್ ಮೇಲಕ್ಕೆ ಬಂತು. ಮೂರನೇ ವಾರಕ್ಕೆ ಇರುವೆ ಸಾಲು ಮೇನ್ ಲೈನಲ್ಲೇ ಹೊರಟಿತ್ತು. ಆಮೇಲೆ ಜಿರಳೆ. ತಿನ್ನೋ ವಸ್ತು ಯಾವುದನ್ನೂ ಲೇಔಟ್ ಮೇಲೆ ಹಾಕಬೇಡಿ, ಕೈ ಮುಗೀತೀನಿ.

ಎಂ-ಸ್ಯಾಂಡ್ ಹಾಕೋರೂ ಒಂದು ನೆನಪಿಡಿ. ಜಲ್ಲಿಯನ್ನ ಕಾಗದದ ಮೇಲೆ ಹರಡಿ, ಅಯಸ್ಕಾಂತವನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಮೇಲೆ ಆಡಿಸಿ. ಕಪ್ಪು ಪುಡಿ ಅಂಟಿಕೊಂಡು ಬಂದ್ರೆ ಅದು ಇಂಜಿನ್ ಮೋಟಾರಿಗೆ ವಿಷ. ಎರಡು ಮೂರು ಸಲ ಆಡಿಸಿ ತೆಗೀರಿ.

ಹೊಸ ಹಳಿ
ಇವತ್ತೇ ನೋಡಿದೆ. ಸೈಡಿಂಗ್ ಹತ್ತಿರ ಎರಡು ಇರುವೆ. ಕಿತ್ತು ಹಾಕ್ತೀನಿ.

ಕಡ್ಲೆಕಾಯಿ ಪರಿಷೆ
ಮರಗಳಿಗೆ ನನ್ನದೊಂದು ಸಲಹೆ. ಸಬ್ಬಸಿಗೆ ಸೊಪ್ಪು ಬಲಿತು ಹೂ ಬಿಟ್ಟಾಗ ಕೊಡೆ ಥರ ಗೊಂಚಲು ಬರುತ್ತಲ್ಲ, ಅದನ್ನ ತಲೆಕೆಳಗು ಮಾಡಿ ಹದಿನೈದು ದಿನ ಒಣಗಿಸಿ. ಬೀಜ ಉದುರಿಸಿಬಿಡಿ, ಅದೂ ತಿನ್ನೋ ವಸ್ತುವೇ. ನೀರು ಬೆರೆಸಿದ ಫೆವಿಕಾಲಲ್ಲಿ ಅದ್ದಿ ಹಸಿರು ಪುಡಿ ಉದುರಿಸಿ. ಮೈಸೂರು ರಸ್ತೆಯಲ್ಲಿ ಹಿಂದೆ ಇದ್ದ ದೊಡ್ಡ ಮಳೆಮರಗಳ ಹಾಗೆ ಮೇಲೆ ಅಗಲ, ಕೆಳಗೆ ತೆಳು. ಹಸಿರು ಪುಡಿ ಅಂದ್ರೆ ಹಳೇ ದಿಂಬಿನ ಫೋಮ್. ಚೂರು ಮಾಡಿ, ಬಣ್ಣದ ನೀರಲ್ಲಿ ನೆನೆಸಿ, ನೀರಿನ ಜೊತೆಗೇ ಮಿಕ್ಸಿಗೆ ಹಾಕಿ, ಹಿಂಡಿ ಒಣಗಿಸಿದ್ರೆ ಆಯ್ತು. ಇದಕ್ಕೆ ಅಂತಲೇ ಒಂದು ಹಳೇ ಜಾರ್ ಬೇರೆ ಇಟ್ಟಿದೀನಿ, ಅಡುಗೆ ಜಾರಲ್ಲಿ ಮಾಡಬೇಡಿ.

ಘಾಟಿ ಆದ್ರೆ ಒಂದೇ ಹಸಿರು ಬೇಡ. ಐದಾರು ಥರದ ಹಸಿರು, ಮಧ್ಯೆ ಎಲ್ಲೋ ಒಂದು ಚಿಗುರಿನ ಕೆಂಪು.

ಎಡಕುಮೇರಿ 57 (ನಾಗರಬಾವಿ)
ಮೇಡಂ ಹೇಳಿದ್ದು ನಿಜ. ಆ ಲೈನಲ್ಲಿ ಬೋಲ್ಡರ್ ಬೆಟ್ಟ ಇಟ್ರೆ ರಾಮನಗರ ಆಗಿಬಿಡುತ್ತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ. ಕಲ್ಲೆಲ್ಲಾ ಪಾಚಿ ಹಿಡಿದು ಕಪ್ಪು, ನೀರು ಜಿನುಗ್ತಾ ಇರುತ್ತೆ. ಸುರಂಗದ ಬಾಯಿ ಮೇಲ್ಗಡೆ ಹೊಗೆ ಕರಿ ಕಾಣಬೇಕು. ನೀರಿನ ಜಿನುಗಿಗೆ ಹೊಳಪಿನ ವಾರ್ನಿಷ್ ಸಣ್ಣ ಕುಂಚದಲ್ಲಿ ಎಳೆದ್ರೆ ಸಾಕು. ಹಸಿರು, ಕಪ್ಪು, ಅದರ ಮೇಲೆ ಒದ್ದೆ ಮಿನುಗು. ಅಷ್ಟಿದ್ರೆ ನಿಮ್ಮ ತಂದೆಗೆ ಯಾವ ಊರು ಅಂತ ಹೇಳಬೇಕಾಗಿಲ್ಲ.

ಇನ್ನು ಥರ್ಮಾಕೋಲ್ ಬೆಟ್ಟಕ್ಕೆ ನೇರವಾಗಿ ಸ್ಪ್ರೇ ಪೇಂಟ್ ಹೊಡೀಬೇಡಿ, ಕರಗಿ ಹುಣ್ಣಾಗುತ್ತೆ. ಮೇಲೆ ಪ್ಲಾಸ್ಟರ್ ಬಟ್ಟೆ ಹೊದಿಸಿ, ನೀರಿನ ಬಣ್ಣ ಹಚ್ಚಿ.

ಮಂಗಳೂರು ಮೇಲ್ (ಆರ್.ಟಿ. ನಗರ)
ಅಲ್ಲಿ ಏರು 50ಕ್ಕೆ 1 ಅಲ್ವಾ ಮಾರಾಯ್ರೇ? ಲೇಔಟ್‌ನಲ್ಲೂ ಅದೇ ಏರು ಕೊಡಬಹುದಲ್ಲ, ಮಾಡೆಲ್ ಇಂಜಿನ್ ಎರಡು ಪರ್ಸೆಂಟ್ ಹತ್ತುತ್ತದೆ.

ಗಾರ್ಡ್ ಡಬ್ಬಿ
ಇಂಜಿನ್ ಹತ್ತುತ್ತೆ, ಮೇಜು ಸಾಲಲ್ಲ. ಒಂದು ಲೈನಿನ ಮೇಲೆ ಇನ್ನೊಂದು ದಾಟಬೇಕಾದ್ರೆ 8 ಸೆಂಟಿಮೀಟರ್ ಎತ್ತರ ಬೇಕು. 50ಕ್ಕೆ 1 ಅಂದ್ರೆ ಹತ್ತೋಕೆ ನಾಲ್ಕು ಮೀಟರ್, ಇಳಿಯೋಕೆ ಇನ್ನು ನಾಲ್ಕು. 8-4 ಹಾಳೆಯಲ್ಲಿ ಸುತ್ತು ಪೂರ್ತಿ ಆರು ಮೀಟರ್ ಆದ್ರೆ ಹೆಚ್ಚು. ಬದಲಿಗೆ ಹಳಿಯನ್ನ ಮಟ್ಟವಾಗೇ ಇಟ್ಟು ನೆಲವನ್ನ ಇಳಿಸಿ. ಸುರಂಗದ ಆಚೆ ಪ್ಲೈ ಕೊಯ್ದು ಒಂದು ಗೇಣು ಕೆಳಗೆ ಕಣಿವೆ ಮಾಡಿ, ಮೇಲೆ ಸೇತುವೆ ಹಾಯಿಸಿ. ಕಣ್ಣಿಗೆ ರೈಲೇ ಎತ್ತರದಲ್ಲಿ ಹೋದ ಹಾಗೆ ಕಾಣುತ್ತೆ.

ಅಳತೆಗೋಲು (ಜಯನಗರ)
ಯಾರೂ ಹೇಳ್ತಿಲ್ಲ ಅಂತ ಹೇಳ್ತೀನಿ. ಮೀಟರ್‌ಗೇಜ್ ಅಂತೀರಿ, ಎಚ್‌ಓ ಹಳಿ 16.5 ಎಂಎಂ. 87ರಿಂದ ಗುಣಿಸಿದ್ರೆ 1435, ಅದು ಸ್ಟ್ಯಾಂಡರ್ಡ್ ಗೇಜ್. ಮೀಟರ್‌ಗೇಜ್‌ಗೆ 11.5 ಎಂಎಂ ಬೇಕು, ನಮ್ಮ 1676 ಬ್ರಾಡ್‌ಗೇಜ್‌ಗೆ 19.3. ನಿಮ್ಮ ಲೇಔಟ್ ಎರಡೂ ಅಲ್ಲ.

ಯಲಹಂಕ ನ್ಯಾರೋಗೇಜ್
ಸರ್, ಲೆಕ್ಕ ಸರಿ. ಆದ್ರೆ ಅದನ್ನ ಹಿಡಿದು ಕೂತ್ರೆ ಈ ಊರಲ್ಲಿ ಎಚ್‌ಓ ಹಳಿ ಮೇಲೆ ಕರಾರುವಾಕ್ಕಾಗಿ ಓಡಿಸಬಹುದಾದ್ದು ನಮ್ಮ ಮೆಟ್ರೋ ಒಂದೇ, ಅದು ಸ್ಟ್ಯಾಂಡರ್ಡ್ ಗೇಜ್. ನಾನು ಕಟ್ತಿರೋದು ಹಳೇ ಬಂಗಾರಪೇಟೆ-ಯಲಹಂಕ ಲೈನು, ಆಗ ಅದು ಎರಡೂವರೆ ಅಡಿ ನ್ಯಾರೋಗೇಜ್ ಆಗಿತ್ತು. 762ನ್ನ 87ರಿಂದ ಭಾಗಿಸಿದ್ರೆ 8.8, ಅದಕ್ಕೆ ಎಚ್‌ಓಗಿಂತ ಸಣ್ಣದಾದ ಎನ್ ಅಳತೆಯ 9 ಎಂಎಂ ಹಳಿ ಹಾಕಿದೀನಿ. ನಂದಿ ಹಾಲ್ಟ್ ಸ್ಟೇಷನ್ನಿನ ಕಲ್ಲುಗೋಡೆ, ಮಂಗಳೂರು ಹೆಂಚು, ಹಿಂದೆ ನಂದಿಬೆಟ್ಟ. ಅಲ್ಲಿಗೆ ನಾಲ್ಕು ಸಲ ಹೋಗಿ ಮೊಳ ಹಾಕಿ ಅಳೆದು ಬಂದೆ. ಹಳಿ ಸರಿ ಸಿಕ್ಕಿದ್ದಕ್ಕೆ ನನಗೆ ಖುಷಿ ಇದೆ, ಆದ್ರೆ ಸಿಗದವರು ಕಟ್ಟಬಾರದು ಅಂತೇನಿಲ್ವಲ್ಲ.

ಅಳತೆಗೋಲು
ಕಟ್ಟಬಾರದು ಅಂದಿಲ್ಲ. ಗೊತ್ತಿರಲಿ ಅಂದೆ. ಜೊತೆಗೆ ಇನ್ನೊಂದು: ಹಳೇ ಮಾದರಿಯ ಐಸಿಎಫ್ ಬೋಗಿ ಎಚ್‌ಓದಲ್ಲಿ 24.5 ಸೆಂಟಿಮೀಟರ್, ಹೊಸ ಮಾದರಿಯ ಎಲ್‌ಎಚ್‌ಬಿ 27. ಬಿಗಿ ತಿರುವಿನಲ್ಲಿ ಅದರ ಹೊಟ್ಟೆ ಒಳಗೆ ಬರುತ್ತೆ, ಮೂಲೆ ಹೊರಗೆ ಹೋಗುತ್ತೆ. ಸುರಂಗದ ಗೋಡೆ ಅಂಟಿಸೋಕೆ ಮುಂಚೆ ನಿಮ್ಮ ಅತಿ ಉದ್ದದ ಬೋಗಿಗೆ ಪೆನ್ಸಿಲ್ ಕಟ್ಟಿ ಓಡಿಸಿ ಗೆರೆ ಹಾಕ್ಕೊಳ್ಳಿ.

ಹುಬ್ಬಳ್ಳಿ ಹುಡುಗ
ನಾ ನಮ್ಮ ಹುಬ್ಬಳ್ಳಿ ಸ್ಟೇಷನ್ ಮಾಡ್ಬೇಕಂತ ಮಾಡಿದ್ನಿರೀ. ಪ್ಲಾಟ್‌ಫಾರ್ಮ್ 1507 ಮೀಟರ್. ಎಚ್‌ಓದಾಗ ಲೆಕ್ಕ ಹಾಕಿದ್ರ 17 ಮೀಟರ್ ಮ್ಯಾಲ ಆತು. ನಮ್ಮ ಮನಿ ಉದ್ದನs ಇಲ್ಲ ಅಷ್ಟು. ಗದಗ ಕಡಿ ಒಂದ್ ಸಣ್ಣ ಸ್ಟೇಷನ್ ಮಾಡತೀನಿ ಈಗ.

ಒಂದನೇ ಪಾಯಿಂಟ್ (ಹೆಬ್ಬಾಳ)
ಸಂಬಂಧ ಇಲ್ಲದ ಪ್ರಶ್ನೆ, ಕ್ಷಮಿಸಿ. ನನ್ನದು ಎನ್ ಸ್ಕೇಲ್. ರೈಲು ಹೋಗಿ ಸುತ್ತಿಕೊಂಡು ಅದೇ ಲೈನಿಗೆ ವಾಪಸ್ ಬರೋ ಹಾಗೆ ಬಲೂನ್ ಲೂಪ್ ಹಾಕಿದೆ. ಕೊನೇ ತುಂಡು ಜೋಡಿಸಿದ ಕೂಡ್ಲೇ ಕಂಟ್ರೋಲರ್ ಕೆಂಪು ದೀಪ.

ಬೆಸುಗೆ
ಎಡ ಕಂಬಿ ಮೇಲೆ ಬೆರಳಿಟ್ಟು ಲೂಪ್ ಸುತ್ತಿ ಬನ್ನಿ. ವಾಪಸ್ ಬಂದಾಗ ಬೆರಳು ಬಲ ಕಂಬಿಯ ಮೇಲಿರುತ್ತೆ. ಪ್ಲಸ್ ಹೋಗಿ ಮೈನಸ್ಸಿಗೆ ಮುಟ್ಟಿತು, ಶಾರ್ಟ್. ಲೂಪಿನ ಎರಡೂ ತುದಿಯಲ್ಲಿ ಎರಡೂ ಕಂಬಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ ಬೇರ್ಪಡಿಸಿ. ಆ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದ ಇರಬೇಕು. ಅದಕ್ಕೆ ಬೇರೆ ಫೀಡರ್ ಕೊಟ್ಟು, ಮಧ್ಯೆ ಆರು ಕಾಲಿನ ಡಬಲ್ ಪೋಲ್ ಡಬಲ್ ಥ್ರೋ ಸ್ವಿಚ್ ಹಾಕಿ. ರೈಲು ಪೂರ್ತಿ ಲೂಪ್ ಒಳಗೆ ಬಂದ ಮೇಲೆ ನಿಲ್ಲಿಸಿ ಮೇನ್ ಲೈನಿನ ದಿಕ್ಕು ಬದಲಾಯಿಸಿ, ಸ್ವಿಚ್ಚನ್ನೂ ತಿರುಗಿಸಿ. ಡಿಸಿಸಿ ಆದ್ರೆ ಇದನ್ನ ತಾನೇ ಮಾಡೋ ಆಟೋ ರಿವರ್ಸರ್ ಸಿಗುತ್ತೆ.

ಒಂದನೇ ಪಾಯಿಂಟ್
ಬೆರಳಿಟ್ಟು ನೋಡಿದೆ. ಅರ್ಥ ಆಯ್ತು. ಎರಡು ವಾರದಿಂದ ನಿದ್ದೆ ಇರ್ಲಿಲ್ಲ, ಥ್ಯಾಂಕ್ಸ್ ಸರ್.

ಹಳಿ ಬೆಸೆಯುವವ
ಪ್ಯಾಸೆಂಜರ್ ಅವರದ್ದೇನಾಯ್ತು? ಹತ್ತು ದಿನ ಆಯ್ತು ಸುದ್ದಿ ಇಲ್ಲ.

ತಾಳಗುಪ್ಪ ಪ್ಯಾಸೆಂಜರ್
ಇದೀನಿ ಸರ್, ಮೇಜಿನ ಕೆಳಗೆ ಇದ್ದೆ.

44 ವೈರೂ ಮುಗೀತು. ಮೊದಲ ದಿನ ಒಂದು ಸ್ಲೀಪರ್ ಕರಗಿಸಿದೆ, ಒದ್ದೆ ಹತ್ತಿ ಇಡೋದು ಮರೆತು. ಆಮೇಲೆ ಕೈ ಕೂತಿತು. ಹದಿನೇಳನೇ ತುಂಡಿನಲ್ಲಿ ಕೆಂಪು ಕಪ್ಪು ಅದಲು ಬದಲಾಯ್ತು, ಕಂಟ್ರೋಲರ್ ಕಟ್ ಆಯ್ತು. ಒಂದೊಂದು ತುಂಡು ಮುಗಿದ ಕೂಡ್ಲೇ ಇಂಜಿನ್ ಓಡಿಸಿ ನೋಡ್ತಿದ್ದೆ, ಅದಕ್ಕೇ ತಕ್ಷಣ ಎಲ್ಲಿ ಅಂತ ಗೊತ್ತಾಯ್ತು. ಎಲ್ಲಾ ಮುಗಿಸಿ ಪರೀಕ್ಷೆ ಮಾಡಿದ್ರೆ 44ರಲ್ಲಿ ಹುಡುಕಬೇಕಿತ್ತು. ಈಗ ಬಲ್ಬ್ ಸ್ಟೇಷನ್ನಲ್ಲಿ 11.8, ಸುರಂಗದೊಳಗೆ 11.7. ಸುರಂಗದ ಹಿಂಬದಿ ಗೋಡೆ ಕೊಯ್ದು ಕೈ ಹೋಗೋಷ್ಟು ಬಾಗಿಲು ಮಾಡಿದೀನಿ, ಒಳಗೆ ಬೋಗಿ ಬಿದ್ದರೆ ತೆಗೆಯೋಕೆ.

ಇಂಜಿನ್ ಈಗ ಎಷ್ಟು ನಿಧಾನ ಹೋಗುತ್ತೆ ಅಂದ್ರೆ, ಗಾಲಿಯ ಕಡ್ಡಿ ಒಂದೊಂದಾಗಿ ಎಣಿಸಬಹುದು. ನಿಲ್ಲಲ್ಲ.

ಗಾರ್ಡ್ ಡಬ್ಬಿ
ಬಹಳ ಸಂತೋಷ ಆಯ್ತು. 11.7 ಅಂದ್ರೆ ನನ್ನ ಲೇಔಟಿಗಿಂತ ಚೆನ್ನಾಗಿದೆ. ತಂದೆಯವರು ನೋಡಿದ್ರಾ?

ತಾಳಗುಪ್ಪ ಪ್ಯಾಸೆಂಜರ್
ಹುಟ್ಟುಹಬ್ಬಕ್ಕೆ ಇನ್ನೂ ಐದು ದಿನ ಇತ್ತು, ಆದ್ರೆ ನನಗೆ ತಡೀಲಿಲ್ಲ. ನಿನ್ನೆ ಸಂಜೆ ತಮ್ಮನೂ ನಾನೂ ಕುರ್ಚಿ ಸಮೇತ ಎತ್ಕೊಂಡು ಮಹಡಿಗೆ ಕರ್ಕೊಂಡು ಬಂದ್ವಿ. ಎಡಕುಮೇರಿ ಅವರು ಹೇಳಿದ ಹಾಗೆ ಸುರಂಗದ ಬಾಯಿಗೆ ವಾರ್ನಿಷ್ ಎಳೆದಿದ್ದೆ. ಅಪ್ಪ ಮೊದಲು ರೈಲು ನೋಡಲಿಲ್ಲ. ಬೆರಳಲ್ಲಿ ಆ ಒದ್ದೆ ಜಾಗ ಮುಟ್ಟಿ ನೋಡಿದ್ರು, ಒಣಗಿದೆಯಲ್ಲ ಅಂತ ಮತ್ತೆ ಮುಟ್ಟಿದ್ರು. ಆಮೇಲೆ ಕಂಟ್ರೋಲರ್ ಕೊಟ್ಟೆ. ನಾಬ್ ತಿರುಗಿಸೋ ಮುಂಚೆ ಎಡಗೈ ಎತ್ತಿ ಹಸಿರು ಬಾವುಟ ತೋರಿಸೋ ಹಾಗೆ ಹಿಡಿದ್ರು. ಗೂಡ್ಸ್ ಗಾಡಿ ಮೂರು ಸುತ್ತು ಹೋಗಿ ಬಂತು, ಒಂದು ಸಲವೂ ನಿಲ್ಲಲಿಲ್ಲ.

ನಾಲ್ಕನೇ ಸುತ್ತಿಗೆ ಸ್ಟೇಷನ್ನಲ್ಲಿ ನಿಲ್ಲಿಸಿ ಕೇಳಿದ್ರು: "ಘಾಟಿ ಇಳಿಯೋ ಕಡೆ ಕ್ಯಾಚ್ ಸೈಡಿಂಗ್ ಎಲ್ಲೋ? ಬ್ರೇಕ್ ಹಿಡೀದೆ ಬಂದ ಗಾಡಿಯನ್ನ ನಾನು ಎಲ್ಲಿಗೆ ತಗೊಳ್ಳಲಿ?"

ಈಗ ಸ್ಟೇಷನ್ನಿನ ಬಲ ತುದಿಯಲ್ಲಿ ಒಂದು ಪಾಯಿಂಟ್ (ಹಳಿ ಕವಲೊಡೆಯೋ ತುಂಡು) ಸೇರಿಸಿ ಬೆಟ್ಟದ ಕಡೆ ಏರೋ ಸೈಡಿಂಗ್ ಹಾಕಬೇಕು. ಯಾರ ಹತ್ತಿರವಾದ್ರೂ ಎಚ್‌ಓ ಎಡಗೈ ಪಾಯಿಂಟ್ ಇದ್ರೆ ಹೇಳಿ, ದುಡ್ಡು ಕೊಟ್ಟು ತಗೋತೀನಿ. ಹೊರಗಿನಿಂದ ತರಿಸಿದ್ರೆ ತಿಂಗಳಾಗುತ್ತೆ.

ಬೆಸುಗೆ
ಹೊಸ ಪಾಯಿಂಟಿನ ಮೂರೂ ಕಡೆಗೆ ಫೀಡರ್ ಹಾಕಿ. ಸೈಡಿಂಗಿಗೂ ಎರಡು.

ಗಾರ್ಡ್ ಡಬ್ಬಿ
ನನ್ನ ಹಳೇ ಲೇಔಟ್ ಬಿಚ್ಚಿದಾಗ ಉಳಿದ ಎಡಗೈ ಪಾಯಿಂಟ್ ಒಂದು ಪೆಟ್ಟಿಗೆಯಲ್ಲಿದೆ. ದುಡ್ಡು ಬೇಡ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೇ ತಂದುಕೊಡ್ತೀನಿ, ತಂದೆಯವರನ್ನೂ ನೋಡಿದ ಹಾಗಾಗುತ್ತೆ.